ಮಳೆ ಅಳೆಯೋಣ ಬನ್ನಿ

(ನ್ಯಾಮತಿ ತಾಲ್ಲೂಕಿನ ಒಂದು ಕಲಿಕಾ ಕೇಂದ್ರದಲ್ಲಿ ಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತುಗಳು)



ಇವತ್ತು ಮಳೆಯ ವಿಷಯ ಮಾತಾಡೋಣ. ಮಳೆ ಬಗ್ಗೆ ನಮಗೇನು ಹೇಳ್ತೀರಿ ಟೀಚರ್, ನಾವೇ ನಿಮಗೆ ಹೇಳ್ತೀವಿ ಅಂತ ನೀವು ಅನ್ನಬಹುದು. ಅದು ನಿಜ. ಮೋಡ ನೋಡಿ ಬಿತ್ತಿದವರು ನೀವು. ನಾನು ಬರೀ ಬೋರ್ಡಿನ ಮೇಲೆ ಮೋಡ ಬರೆದವಳು. ಆದರೂ ಸ್ವಲ್ಪ ಕೇಳ್ರಿ.

ನನ್ನ ತವರು ಜಗಳೂರು ಸೀಮೆ. ಗಂಡನ ಮನೆ ಹೊನ್ನಾಳಿ ಕಡೆ. ನೌಕರಿ ಚನ್ನಗಿರಿ ತಾಲ್ಲೂಕಿನಲ್ಲಿ. ಈಗ ನಿಮ್ಮ ನ್ಯಾಮತಿಗೂ ಬಂದಿದ್ದೇನೆ. ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳೇ. ಆದರೆ ನಾಲ್ಕರ ಮಳೆ ಒಂದೇ ಅಲ್ಲ. ನನ್ನ ತವರಲ್ಲಿ ಮುಗಿಲು ನೋಡಿ ನೋಡಿ ಕುತ್ತಿಗೆ ನೋಯುತ್ತೆ. ಗಂಡನ ಮನೆಯಲ್ಲಿ ಹೊಳೆ ನೋಡಿ ನೋಡಿ ಎದೆ ನಡುಗುತ್ತೆ. ಚನ್ನಗಿರಿಯವರಿಗೆ ಸೂಳೆಕೆರೆ ತುಂಬುತ್ತೋ ಇಲ್ಲವೋ, ಭದ್ರಾ ನಾಲೆಗೆ ನೀರು ಬಿಡ್ತಾರೋ ಇಲ್ಲವೋ ಅನ್ನೋ ಚಿಂತೆ. ಅಡಿಕೆ ತೋಟ ಕಾಯಬೇಕಲ್ಲ!

ಯಾಕೆ ಹೀಗೆ? ಮುಂಗಾರಿನ ಗಾಳಿ ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುತ್ತದೆ. ದಾರಿಯಲ್ಲಿ ಪಶ್ಚಿಮ ಘಟ್ಟ ಅಡ್ಡ ನಿಂತಿದೆ. ಗಾಳಿ ಗುಡ್ಡ ಹತ್ತಬೇಕು. ಮೇಲೆ ಹತ್ತಿದ ಹಾಗೆ ತಂಪಾಗುತ್ತದೆ. ಅನ್ನ ಬೇಯುವಾಗ ಮುಚ್ಚಳದ ಒಳಗಡೆ ಹನಿ ಕಟ್ಟುತ್ತದಲ್ಲ, ಹಾಗೇ ಅಲ್ಲಿ ಹನಿ ಕಟ್ಟುತ್ತದೆ. ಹೊತ್ತ ಹೊರೆಯನ್ನೆಲ್ಲ ಘಟ್ಟದಲ್ಲೇ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿ ಜಗಳೂರಿಗೆ ಬರುವಷ್ಟರಲ್ಲಿ ಕೊಡ ಬರಿದು. ಅಲ್ಲಿ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು. ಇಂಥ ನಾಡನ್ನು ಮಳೆ ನೆರಳಿನ ನಾಡು ಅಂತಾರೆ. ಹೆಸರು ಚೆಂದ ಐತೆ. ಆ ನೆರಳಲ್ಲಿ ಬದುಕೋದು ಕಷ್ಟ.

ನಮ್ಮ ಹಿರಿಯರು ಮಳೆಗಳಿಗೆ ಹೆಸರಿಟ್ಟರು. ಭರಣಿ, ಕೃತ್ತಿಕೆ, ರೋಹಿಣಿ, ಮಿರಗ, ಆರಿದ್ರಾ. ಆಮೇಲೆ ಮಖೆ, ಹುಬ್ಬೆ, ಉತ್ತರೆ, ಚಿತ್ತೆ, ಸ್ವಾತಿ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಲೆಕ್ಕ ಸರಿಯಾಗಿಯೇ ಇದೆ. ನಕ್ಷತ್ರ 27, ವರ್ಷಕ್ಕೆ ದಿನ 365. ಭಾಗಿಸಿ ನೋಡಿ, ಹದಿಮೂರೂವರೆ ಬರುತ್ತದೆ. ಮಿರಗದ ಮಳೆ ಹುಟ್ಟುವುದು ಜೂನ್ 7, 8ರ ಸುಮಾರಿಗೆ. ಕೇರಳಕ್ಕೆ ಮುಂಗಾರು ಬರುವ ದಿನ ಜೂನ್ 1 ಅಂತ ಹವಾಮಾನ ಇಲಾಖೆಯ ಲೆಕ್ಕ. ಅಲ್ಲಿಂದ ನಮ್ಮ ಕಡೆ ಬರೋಕೆ ಒಂದು ವಾರ. ನೋಡಿದಿರಾ, ಪಂಚಾಂಗಕ್ಕೂ ಇಲಾಖೆಗೂ ಜಗಳವೇ ಇಲ್ಲ.

ಆದರೆ ಒಂದು ಮಾತು ನೆನಪಿರಲಿ. ನಕ್ಷತ್ರ ಹೇಳುವುದು ಮಳೆ ಸಾಮಾನ್ಯವಾಗಿ ಯಾವಾಗ ಬರುತ್ತೆ ಅಂತ. ಈ ವರ್ಷ ಬರುತ್ತೋ ಇಲ್ಲವೋ ಅಂತ ಅದು ಹೇಳುವುದಿಲ್ಲ. 2023ರಲ್ಲೂ ಮಿರಗ ಬಂತು, ಆರಿದ್ರಾ ಬಂತು, ಮಖೆಯೂ ಬಂತು. ಹೆಸರು ಬಂದವು, ನೀರು ಬರಲಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತು.

ಬರ ನಮಗೆ ಹೊಸದಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನದಲ್ಲಿ ಭಾರೀ ಬರ ಬಿತ್ತು. ಹಿರಿಯರು ಅದನ್ನು ಧಾತು ಈಶ್ವರ ಸಂವತ್ಸರದ ಬರ ಅಂತ ಕರೀತಿದ್ದರು. ಆಗ ಚನ್ನಗಿರಿ, ಹೊನ್ನಾಳಿ, ಜಗಳೂರು ಎಲ್ಲ ಮೈಸೂರು ಸಂಸ್ಥಾನದಲ್ಲೇ ಇದ್ದವು. ಸಂಸ್ಥಾನದ ಐದು ಜನರಲ್ಲಿ ಸುಮಾರು ಒಬ್ಬರು ಹೋದರು ಅಂತ ಲೆಕ್ಕ. ಒಂದು ಮನೆಯಲ್ಲಿ ಐದು ಜನ ಅಂತಿಟ್ಟುಕೊಳ್ಳಿ. ಮನೆಗೊಂದು ಹೆಣ.

ಭಾರತದ ಹವಾಮಾನ ಇಲಾಖೆ ಶುರುವಾಗಿದ್ದು ಆ ಬರಕ್ಕೆ ಸ್ವಲ್ಪ ಮುಂಚೆ, 1875ರಲ್ಲಿ. ಬರದ ಮೇಲೆ ಬರ ಬಂದಾಗ, ಮಳೆ ಕೈಕೊಡುವುದನ್ನು ಮೊದಲೇ ತಿಳಿಯಬಹುದಾ ಅನ್ನುವ ಹುಡುಕಾಟ ಜೋರಾಯಿತು. 1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಲೆಕ್ಕದ ಪಂಡಿತರು ಇಲಾಖೆಯ ಮುಖ್ಯಸ್ಥರಾಗಿ ಬಂದರು. ಬೇರೆ ಬೇರೆ ದೇಶಗಳ ಮಳೆ, ಗಾಳಿಯ ಒತ್ತಡ, ಬಿಸಿಲು, ಎಲ್ಲದರ ಅಂಕಿಗಳನ್ನು ಗುಡ್ಡೆ ಹಾಕಿಕೊಂಡು ಕೂತರು. ದೂರದ ಪೆಸಿಫಿಕ್ ಸಾಗರದ ಕಡೆ ಗಾಳಿಯ ಒತ್ತಡ ಏರಿದರೆ ನಮ್ಮ ಹಿಂದೂ ಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ ಅಂತ ಕಂಡುಹಿಡಿದರು. ತಕ್ಕಡಿ ಇದ್ದ ಹಾಗೆ. ಈಗ ಟಿ.ವಿ.ಯಲ್ಲಿ ‘ಎಲ್ ನಿನೊ’ ಅಂತಾರಲ್ಲ, ಅದಕ್ಕೂ ಇದಕ್ಕೂ ನಂಟಿದೆ. ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾದ ವರ್ಷ ನಮ್ಮ ಮುಂಗಾರು ಸೊರಗುವುದು ಹೆಚ್ಚು. 2023 ಅಂಥ ವರ್ಷ. ಎಲ್ಲಿಯ ಸಾಗರ, ಎಲ್ಲಿಯ ಜಗಳೂರಿನ ಶೇಂಗಾ ಹೊಲ!

ನಮ್ಮ ಸಂಸ್ಥಾನದಲ್ಲೂ 1890ರ ದಶಕದಲ್ಲೇ ಹವಾಮಾನದ ಲೆಕ್ಕ ಇಡುವ ಕೆಲಸ ನಡೆದಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಜಾನ್ ಕುಕ್ ಎಂಬುವರು ಅದನ್ನು ನೋಡಿಕೊಳ್ಳುತ್ತಿದ್ದರು. ಇನ್ನೂ ಹಿಂದೆ ಹೋದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಮಳೆ ಅಳೆಯುವ ಪಾತ್ರೆಯ ಮಾತಿದೆ. ಉಗ್ರಾಣದ ಮುಂದೆ ಒಂದು ಮೊಳ ಬಾಯಿಯ ಪಾತ್ರೆ ಇಡಬೇಕು ಅಂತ. ಕಾರಣ ಸುಲಭ. ಮಳೆ ಗೊತ್ತಾದರೆ ಬೆಳೆ ಗೊತ್ತು, ಬೆಳೆ ಗೊತ್ತಾದರೆ ಕಂದಾಯ ಗೊತ್ತು.

ಈಗ ಒಬ್ಬ ಹೆಣ್ಣುಮಗಳ ಕತೆ ಹೇಳ್ತೀನಿ. ಅಕ್ಕಂದಿರು ಚೆನ್ನಾಗಿ ಕೇಳಿ.

ಹೆಸರು ಅನ್ನಾ ಮಣಿ. ಹುಟ್ಟಿದ್ದು 1918ರಲ್ಲಿ, ಕೇರಳದ ಪೀರುಮೇಡಿನಲ್ಲಿ. ಅವರದು ಉಳ್ಳವರ ಮನೆ. ಹೆಣ್ಣುಮಕ್ಕಳಿಗೆ ಎಂಟು ವರ್ಷ ತುಂಬಿದಾಗ ವಜ್ರದ ಓಲೆ ಕೊಡುವುದು ಆ ಮನೆಯ ಪದ್ಧತಿ. ಈ ಹುಡುಗಿ ಓಲೆ ಬೇಡ ಅಂದಳು. ಜಗತ್ತಿನ ವಿಷಯವೆಲ್ಲ ಇರುವ ದೊಡ್ಡ ದೊಡ್ಡ ಪುಸ್ತಕಗಳ ಸಾಲು ಬರುತ್ತದಲ್ಲ, ವಿಶ್ವಕೋಶ, ಅದು ಬೇಕು ಅಂದಳು. ಹಾಗೇ ಕೊಡಿಸಿದರು. ನಮ್ಮ ಮನೆಗಳಲ್ಲಿ ಓಲೆಯೂ ಇಲ್ಲ, ಪುಸ್ತಕವೂ ಇಲ್ಲ ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು. ಸರಿ, ಅದೂ ನಿಜವೇ.

ಮುಂದೆ ಆಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಳು. ಅಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೆ ಕೆಲಸ. ಏನು ಕೆಲಸ ಗೊತ್ತಾ? ವಜ್ರಗಳ ಮೇಲೆ ಬೆಳಕು ಹಾಯಿಸಿ ಪರೀಕ್ಷೆ ಮಾಡುವುದು. ಕಿವಿಗೆ ವಜ್ರ ಬೇಡ ಅಂದವಳು ವರ್ಷಗಟ್ಟಲೆ ವಜ್ರದ ಎದುರೇ ಕೂತಳು! 1945ರಲ್ಲಿ ದೊಡ್ಡ ಪ್ರಬಂಧ ಬರೆದು ಡಾಕ್ಟರೇಟ್ ಪದವಿಗೆ ಕೊಟ್ಟಳು. ಎಂ.ಎಸ್ಸಿ. ಇಲ್ಲ ಅನ್ನುವ ಕಾರಣಕ್ಕೆ ಮದ್ರಾಸು ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಮಾಡಿದ ಕೆಲಸ ಕಣ್ಣಮುಂದೆ ಇದ್ದರೂ ಕಾಗದ ಕೇಳಿದರು. ಇದು ನಿಮಗೂ ನನಗೂ ಗೊತ್ತಿಲ್ಲದ ಸಂಗತಿಯೇನಲ್ಲ.

ಆಕೆ ಅಳುತ್ತಾ ಕೂರಲಿಲ್ಲ. ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆ ಕಲಿತಳು. 1948ರಲ್ಲಿ ತಿರುಗಿ ಬಂದು ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದಳು. ಆಗ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಆದರೆ ಮಳೆ ಅಳೆಯುವ ಡಬ್ಬಿ, ಬಿಸಿಲು ಅಳೆಯುವ ಕೊಳವೆಗೂ ಪರದೇಶದ ದಾರಿ ಕಾಯಬೇಕಿತ್ತು. ಅನ್ನಾ ಮಣಿ ಮತ್ತು ಜೊತೆಯವರು ಸುಮಾರು ನೂರು ಉಪಕರಣಗಳ ನಕ್ಷೆ ತಯಾರು ಮಾಡಿದರು. ಇಂಥ ಅಳತೆ, ಇಂಥ ಲೋಹ, ಇಷ್ಟು ಎತ್ತರ ಅಂತ ಗೊತ್ತುಮಾಡಿ, ಇಲ್ಲೇ ಮಾಡುವ ಹಾಗೆ ಮಾಡಿದರು. ಆಕೆಯ ಕೈಕೆಳಗೆ ನೂರಕ್ಕೂ ಹೆಚ್ಚು ಗಂಡಸರು ಕೆಲಸ ಮಾಡುತ್ತಿದ್ದರು. ತಪ್ಪು ಅಳತೆಗಿಂತ ಅಳೆಯದೇ ಇರುವುದು ವಾಸಿ ಅನ್ನುವುದು ಆಕೆಯ ನಿಲುವು. 1976ರಲ್ಲಿ ನಿವೃತ್ತಿಯಾದ ಮೇಲೂ ಸುಮ್ಮನಿರಲಿಲ್ಲ. ಬೆಂಗಳೂರಿಗೆ ಬಂದು, ಗಾಳಿಯ ವೇಗ ಮತ್ತು ಬಿಸಿಲಿನ ಶಕ್ತಿ ಅಳೆಯುವ ಉಪಕರಣ ಮಾಡುವ ಒಂದು ಸಣ್ಣ ಕಾರ್ಖಾನೆ ಇಟ್ಟರು. 2001ರಲ್ಲಿ ತೀರಿಕೊಂಡರು.

(ಮೊದಲು ಆಕೆ ಅಂದೆ, ಕೊನೆಗೆ ಅವರು ಅಂದೆ. ಹುಡುಗಿ ದೊಡ್ಡವರಾದರಲ್ಲ, ಅದಕ್ಕೆ.)

ಇನ್ನು ಉಪಕರಣಗಳಿಗೆ ಬರೋಣ. ಗಾಳಿಯ ಒತ್ತಡ ಅಳೆಯುವುದಕ್ಕೆ ಒಂದಿದೆ. ಅದನ್ನು 1643ರಲ್ಲಿ ಇಟಲಿಯ ಟಾರಿಚೆಲ್ಲಿ ಕಂಡುಹಿಡಿದ. ಬಿಸಿಲಿಗೆ ಒಂದು, ಗಾಳಿಯ ವೇಗಕ್ಕೆ ಒಂದು ಇದೆ. ಅವೆಲ್ಲ ಇರಲಿ. ನಮಗೆ ಬೇಕಾಗಿದ್ದು ಮಳೆಮಾಪಕ.

ಇದರಲ್ಲಿ ಗುಟ್ಟೇನೂ ಇಲ್ಲ. ಒಂದು ಡಬ್ಬಿ, ಮೇಲೆ ಆಲಿಕೆ, ಒಳಗೆ ಬಾಟಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರು ಅಳೆದು ಬರೆದುಕೊಳ್ಳುತ್ತಾರೆ. ದೇಶದ ತುಂಬ ಅದೇ ಹೊತ್ತು, ಎಂಟೂವರೆ. ಒಬ್ಬರು ಆರಕ್ಕೆ, ಇನ್ನೊಬ್ಬರು ಹತ್ತಕ್ಕೆ ಅಳೆದರೆ ಒಂದೂರಿಗೂ ಇನ್ನೊಂದೂರಿಗೂ ತಾಳೆ ಆಗುವುದಿಲ್ಲ.

ಮನೆಯಲ್ಲೇ ಮಾಡಬಹುದು. ನೆಟ್ಟಗೆ ನಿಂತ ಗೋಡೆಯ ಡಬ್ಬಿ ತಗೊಳ್ಳಿ. ಬಾಯಿ ಎಷ್ಟು ಅಗಲವೋ ತಳವೂ ಅಷ್ಟೇ ಅಗಲ ಇರಬೇಕು. ಕೊಡ, ಬೋಗುಣಿ ಆಗುವುದಿಲ್ಲ. ತಳ ಮಟ್ಟಸವಾಗಿರಲಿ. ಬಯಲಲ್ಲಿ ಇಡಿ. ಮರ, ಸೂರು ಹತ್ತಿರ ಬೇಡ. ಕೋಳಿ ಉರುಳಿಸದ ಹಾಗೆ ಸುತ್ತ ಕಲ್ಲು ಕೊಡಿ. ಬೆಳಿಗ್ಗೆ ಮಕ್ಕಳ ಸ್ಕೇಲು ಇಳಿಬಿಟ್ಟು ನೋಡಿ. ಸ್ಕೇಲಿನ ಅಂಚಿಂದ ಸೊನ್ನೆ ಶುರುವಾಗುವವರೆಗೆ ಸ್ವಲ್ಪ ಜಾಗ ಇರುತ್ತದೆ, ಅದನ್ನೂ ಸೇರಿಸಿಕೊಳ್ಳಿ. ನೀರು ಎಷ್ಟು ಸಣ್ಣ ಗೆರೆವರೆಗೆ ಬಂದಿದೆಯೋ ಅಷ್ಟು ಮಿಲಿಮೀಟರ್ ಮಳೆ. ಅಷ್ಟೇ.

ಒಂದು ಮಿಲಿಮೀಟರ್ ಅಂದರೆ ಎಷ್ಟು ನೀರು? ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗಕ್ಕೆ ಒಂದು ಲೀಟರ್. ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗಿಂತ ಸ್ವಲ್ಪ ಹೆಚ್ಚು. ಇಪ್ಪತ್ತು ಮಿಲಿಮೀಟರ್ ಬಂತು ಅನ್ನಿ. ಎಕರೆಗೆ ಎಂಬತ್ತು ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಹದಿನಾರು ಸಲ ಬಂದು ಸುರಿದ ಹಾಗೆ! ನನ್ನ ತವರಿನವರಿಗೆ ಈ ಲೆಕ್ಕ ಹೇಳಿದಾಗ ನಮ್ಮಣ್ಣ ಸುಮ್ಮನೆ ಕೂತುಬಿಟ್ಟ. ಬೇಸಿಗೆಯಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸಿ ತೋಟ ಉಳಿಸಿದವನು ಅವನು. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಮಾಳಿಗೆ ಇದ್ದರೆ ಅದೇ ಇಪ್ಪತ್ತು ಮಿಲಿಮೀಟರ್ ಮಳೆಗೆ ಸಾವಿರದ ನೂರು ಲೀಟರ್ ನೀರು ಬೀಳುತ್ತದೆ. ಎಪ್ಪತ್ತಕ್ಕೂ ಹೆಚ್ಚು ಕೊಡ. ಎಪ್ಪತ್ತು ಕೊಡ ಹೊತ್ತವರಿಗೆ ಅದರ ಭಾರ ಗೊತ್ತು.

ಈ ಲೆಕ್ಕ ಹೇಳುವಾಗ ಹಿಂದಿನ ವಾರ ಒಬ್ಬ ಅಜ್ಜಿ ನನ್ನನ್ನು ತಡೆದರು. “ಮಗಳೇ, ಹದ ಆಗೈತೋ ಇಲ್ಲೋ ಗೊತ್ತಾಗಾಕೆ ನಂಗೆ ಡಬ್ಬಿ ಬೇಕಾ? ಹೊಲದಾಗೆ ಹಿಡಿ ಮಣ್ಣು ತಗಂಡು ಉಂಡಿ ಕಟ್ಟಿದ್ರೆ ಸಾಕು” ಅಂದರು. ಅಜ್ಜಿ ಹೇಳಿದ್ದು ಸರಿ. ಬಿತ್ತನೆಗೆ ಆ ಉಂಡೆಯೇ ಸಾಕು. ಡಬ್ಬಿ ಬೇಕಾಗುವುದು ಬೇರೆ ಕಡೆ.

ಎಲ್ಲಿ ಅಂದರೆ, ಕೇಳಿ. ಅಡಿಕೆಯಂಥ ತೋಟದ ಬೆಳೆಗೆ ಹವಾಮಾನ ಆಧಾರಿತ ವಿಮೆ ಅಂತ ಇದೆ. ಅದರಲ್ಲಿ ಯಾರೂ ನಿಮ್ಮ ತೋಟಕ್ಕೆ ಬಂದು ಬೆಳೆ ನೋಡುವುದಿಲ್ಲ. ಮಳೆ ಎಷ್ಟು ಬಂತು, ಎಷ್ಟು ದಿನ ಬರಲಿಲ್ಲ ಅಂತ ಅಂಕಿ ನೋಡುತ್ತಾರೆ. ಆ ಅಂಕಿಯ ಮೇಲೆ ಪರಿಹಾರ. ಮೆಕ್ಕೆಜೋಳ, ರಾಗಿಯ ವಿಮೆಯ ದಾರಿ ಬೇರೆ. ಅಲ್ಲಿ ಬೆಳೆ ಕೊಯ್ದು ತೂಕ ನೋಡುತ್ತಾರೆ.

ಆ ಮಳೆಯ ಅಂಕಿ ಎಲ್ಲಿಂದ ಬರುತ್ತದೆ? ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಅಳೆಯುವ ಮಳೆಮಾಪಕ ಇಟ್ಟಿದ್ದಾರೆ. ಇಟ್ಟವರು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು. ಬೆಂಗಳೂರಿನ ಯಲಹಂಕದಲ್ಲಿದೆ ಅದು. 1988ರಲ್ಲಿ ಬರದ ಮೇಲೆ ಕಣ್ಣಿಡುವುದಕ್ಕೆ ಅಂತಲೇ ಶುರುವಾಗಿದ್ದು. ಮಾಪಕದ ಒಳಗೆ ಎರಡು ಸಣ್ಣ ಸೌಟಿನಂಥವು ಇವೆ. ಮಕ್ಕಳು ಆಡುವ ಏತದ ಹಲಗೆ ಹಾಗೆ. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ವಾಲಿತು ಅಂತ ಯಂತ್ರವೇ ಎಣಿಸುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ.

ಒಂದು ಊರಿನ ಸಂಗತಿ ಹೇಳ್ತೀನಿ, ಹೆಸರು ಬೇಡ. ಅಲ್ಲಿ ಮಳೆಮಾಪಕದ ಬೇಲಿ ಬಿದ್ದುಹೋಗಿತ್ತು. ಪಕ್ಕದ ನುಗ್ಗೆ ಗಿಡ ಬೆಳೆದು ಮಾಪಕದ ಮೇಲೇ ರೆಂಬೆ ಚಾಚಿತ್ತು. ಯಾರೋ ಕಂಬಕ್ಕೆ ಎಮ್ಮೆ ಕಟ್ಟುತ್ತಿದ್ದರು. ಎಮ್ಮೆ ಮೈ ತಿಕ್ಕಿ ತಿಕ್ಕಿ ಕಂಬ ಒಂದು ಕಡೆ ವಾಲಿತ್ತು. ಆ ವರ್ಷ ಪರಿಹಾರದ ಪಟ್ಟಿ ಬಂದಾಗ ಪಕ್ಕದ ಪಂಚಾಯಿತಿಯವರಿಗೆ ದುಡ್ಡು ಬಂತು, ಇವರಿಗೆ ಬರಲಿಲ್ಲ. ರೈತರು ಗಲಾಟೆ ಮಾಡಿದರು. ಅಂಕಿ ತಪ್ಪು ಅಂದರು. ಹಾಗಾದರೆ ಸರಿಯಾದ ಅಂಕಿ ತೋರಿಸಿ ಅಂತ ಕೇಳಿದರು. ತೋರಿಸೋಕೆ ಯಾರ ಹತ್ತಿರವೂ ಏನೂ ಇರಲಿಲ್ಲ. ಮಾಪಕ ಕೆಟ್ಟಿತ್ತೋ, ಮಳೆಯೇ ಬೇರೆ ಥರ ಬಿದ್ದಿತ್ತೋ, ಇವತ್ತಿಗೂ ತೀರ್ಮಾನ ಆಗಿಲ್ಲ. ಊರಲ್ಲಿ ಒಬ್ಬರಾದರೂ ಒಂದು ಡಬ್ಬಿ ಇಟ್ಟು, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿದ್ದರೆ? ಅದರಿಂದ ದುಡ್ಡು ಬಂದೇ ಬರುತ್ತಿತ್ತು ಅಂತ ನಾನು ಹೇಳಲಾರೆ. ಮಾಪಕ ಸರಿಯಿಲ್ಲ ಅನ್ನುವುದು ಮಳೆಗಾಲದಲ್ಲೇ ಗೊತ್ತಾಗುತ್ತಿತ್ತು. ಆಗಲೇ ಅರ್ಜಿ ಬರೆಯಬಹುದಿತ್ತು.

ಇನ್ನು ಹೊಳೆಯ ಮಾತು. ಹೊನ್ನಾಳಿಯಲ್ಲಿ ಒಂದು ವಿಚಿತ್ರ. ಊರಲ್ಲಿ ಮಳೆಯೇ ಇರುವುದಿಲ್ಲ, ಆದರೂ ಹೊಳೆ ಏರುತ್ತದೆ. ಯಾಕೆಂದರೆ ಆ ನೀರು ನಮ್ಮ ಮಳೆಯದಲ್ಲ. ಶೃಂಗೇರಿ, ತೀರ್ಥಹಳ್ಳಿ ಕಡೆ ಬಿದ್ದ ಮಳೆ ತುಂಗೆಗೆ ಬರುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದದ್ದನ್ನೆಲ್ಲ ಬಿಡಲೇಬೇಕು. ಭದ್ರಾ ಅಣೆಕಟ್ಟು ದೊಡ್ಡದು, ಅದು ಹಿಡಿದಿಟ್ಟುಕೊಳ್ಳುತ್ತದೆ. ಅದೂ ತುಂಬಿದರೆ ಎರಡೂ ಕಡೆಯ ನೀರು ಕೂಡ್ಲಿಯಲ್ಲಿ ಸೇರಿ ಹೊನ್ನಾಳಿಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಹೀಗೇ ಹೊಳೆ ದಂಡೆ ಮೀರಿ ತಗ್ಗಿನ ಮನೆಗಳಿಗೆ ನುಗ್ಗಿತು.

ಪೇಪರಿನಲ್ಲಿ ಇಷ್ಟು ಕ್ಯೂಸೆಕ್ ನೀರು ಬಿಟ್ಟರು ಅಂತ ಓದ್ತೀರಲ್ಲ, ಒಂದು ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ 28 ಲೀಟರ್. ಎರಡು ಕೊಡದಷ್ಟು. ಒಂದು ಲಕ್ಷ ಕ್ಯೂಸೆಕ್ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಲಕ್ಷ ಕೊಡ ನಿಮ್ಮ ಮುಂದೆ ಹಾದುಹೋಗುತ್ತದೆ. ಆ ಅಂಕಿ ಓದಲು ಬಂದವರು ದನ ಬಿಚ್ಚಿ, ಕಾಳು ಮೇಲಿಟ್ಟು, ರೇಷನ್ ಕಾರ್ಡು, ಪಹಣಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೊರಡಬಹುದು. ನಮ್ಮ ಅತ್ತೆಗೆ ಓದು ಬರೋದಿಲ್ಲ. ಆದರೆ ಗಾಜನೂರಿನ ಅಂಕಿ ದಿನಾ ಮೊಮ್ಮಗನ ಕೈಲಿ ಓದಿಸ್ತಾರೆ.

ಇಲಾಖೆಯವರು ಬಣ್ಣಗಳಲ್ಲಿಯೂ ಹೇಳುತ್ತಾರೆ. ಹಸಿರು ಅಂದರೆ ಚಿಂತೆಯಿಲ್ಲ. ಹಳದಿ ಅಂದರೆ ಗಮನ ಇಡಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ತಡಮಾಡಬೇಡಿ. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ. 204.4 ದಾಟಿದರೆ ಅತ್ಯಂತ ಭಾರೀ ಮಳೆ. ನಿಮ್ಮ ಡಬ್ಬಿ ಆರು ಇಂಚಿನದಾದರೆ ಅಂಥ ಮಳೆಗೆ ತುಂಬಿ ಚೆಲ್ಲುತ್ತದೆ!

ಕೊನೆಗೆ ಸಿಡಿಲು. ಇದನ್ನು ಹೇಳುವುದು ನನಗೆ ಕಷ್ಟ.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಮೇ ತಿಂಗಳು. ನಮ್ಮ ಚಿಕ್ಕಪ್ಪ ಕುರಿ ಮೇಯಿಸಲು ಹೋಗಿದ್ದರು. ಮಧ್ಯಾಹ್ನದ ಮೇಲೆ ಮೋಡ ಕಟ್ಟಿತು. ಮಳೆ ಶುರುವಾದಾಗ ಕುರಿಗಳನ್ನು ಹೊಡೆದುಕೊಂಡು ಬಯಲಲ್ಲಿದ್ದ ಒಂದೇ ಒಂದು ಹುಣಸೆ ಮರದ ಕೆಳಗೆ ನಿಂತರು. ಕುರಿ ನೆನೆಯಬಾರದು ಅಂತ. ಸಂಜೆ ನಾವು ಹೋಗಿ ನೋಡಿದಾಗ ಚಿಕ್ಕಪ್ಪನ ಜೊತೆ ಹನ್ನೊಂದು ಕುರಿ ಸತ್ತು ಬಿದ್ದಿದ್ದವು. ಅವರ ಕಂಬಳಿ ಸರಿಯಾಗಿ ನೆನೆದಿರಲೂ ಇಲ್ಲ. ಹಣೆಬರಹ ಅಂದರು ಊರವರು. ಚಿಕ್ಕಮ್ಮ ಏನೂ ಅನ್ನಲಿಲ್ಲ.

ಟೀಚರ್ ಟ್ರೈನಿಂಗಿನಲ್ಲಿ ವಿಜ್ಞಾನದ ಪಾಠ ಓದುವಾಗ ನನಗೆ ತಿಳಿಯಿತು. ಸಿಡಿಲು ಎತ್ತರದ ವಸ್ತುವಿಗೆ ಬಡಿಯುತ್ತದೆ. ಬಯಲಲ್ಲಿ ಒಂಟಿ ಮರವೇ ಎತ್ತರ. ಮರದಿಂದ ಪಕ್ಕದ ಮನುಷ್ಯನಿಗೆ ಹಾರುತ್ತದೆ. ನೆಲದಲ್ಲೂ ಹರಡುತ್ತದೆ. ಕುರಿ, ದನಗಳ ಮುಂಗಾಲು ಹಿಂಗಾಲು ದೂರ ಇರುವುದರಿಂದ ವಿದ್ಯುತ್ತು ಒಂದು ಕಾಲಿಂದ ಹತ್ತಿ ಎದೆ ಹಾದು ಇನ್ನೊಂದು ಕಾಲಿಗೆ ಇಳಿಯುತ್ತದೆ. ಅಷ್ಟು ಕುರಿ ಒಟ್ಟಿಗೆ ಯಾಕೆ ಸತ್ತವು ಅಂತ ಆವತ್ತು ಗೊತ್ತಾಯಿತು. ಆ ದಿನ ಹಾಸ್ಟೆಲಿನಲ್ಲಿ ಊಟ ಮಾಡಲು ಆಗಲಿಲ್ಲ.

ಅದಕ್ಕೆ ಈ ಲೆಕ್ಕವನ್ನು ಎಲ್ಲ ಕೇಂದ್ರದಲ್ಲೂ ಹೇಳುತ್ತೇನೆ. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಒಂದು, ಎರಡು, ಮೂರು. ಗುಡುಗು ಕೇಳುವವರೆಗೆ. ಸದ್ದು ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡು ಬೇಕು. ಹದಿನೈದು ಎಣಿಸಿದರೆ ಸಿಡಿಲು ಐದು ಕಿಲೋಮೀಟರ್ ದೂರ. ಮೂವತ್ತರ ಒಳಗೆ ಗುಡುಗು ಕೇಳಿದರೆ ಕೆಲಸ ಬಿಟ್ಟು ಗಟ್ಟಿ ಮನೆಯೊಳಗೆ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಗೆ ಬರಬೇಡಿ. ಬಯಲಲ್ಲಿ ಸಿಕ್ಕಿಹಾಕಿಕೊಂಡರೆ ಮರದಿಂದ, ತಂತಿ ಬೇಲಿಯಿಂದ, ಪಂಪ್‌ಸೆಟ್ಟಿನಿಂದ ದೂರ ಸರಿಯಿರಿ. ಎರಡೂ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂತು, ತಲೆ ತಗ್ಗಿಸಿ, ಕಿವಿ ಮುಚ್ಚಿಕೊಳ್ಳಿ. ಮಲಗಬೇಡಿ. ಗುಂಪಾಗಿ ನಿಲ್ಲಬೇಡಿ. ಕುರಿ ನೆನೆದರೆ ನೆನೆಯಲಿ.

ಸಿಡಿಲು ಬಡಿದವರನ್ನು ಮುಟ್ಟಲು ಹೆದರಬೇಡಿ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತುತ್ತಾ ಇರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮನೆಯಲ್ಲಿ ದೊಡ್ಡ ಫೋನ್ ಇದ್ದರೆ ಮಕ್ಕಳ ಕೈಲಿ ‘ದಾಮಿನಿ’ ಅನ್ನುವ ಆಪ್ ಹಾಕಿಸಿಕೊಳ್ಳಿ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ್ದು. ಹತ್ತಿರದಲ್ಲಿ ಸಿಡಿಲು ಇದ್ದರೆ ಎಚ್ಚರಿಸುತ್ತದೆ. ಮಳೆ ವಿಷಯ ಕೇಳಲು ‘ವರುಣಮಿತ್ರ’ ಅನ್ನುವ ಸಹಾಯವಾಣಿ ಇದೆ. ನಂಬರನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಗೋಡೆಯ ಮೇಲೆ ಬರೆದುಕೊಳ್ಳಿ. ಈಗ ಬರೆಯಲು ಬರುತ್ತದಲ್ಲ!

ಮುಂದಿನ ಸಾಲಿನ ಅಜ್ಜಿ ಏನೋ ಕೇಳ್ತಾ ಇದ್ದಾರೆ. “ಡಬ್ಬಿ ಯಾರ ಮನೆ ಅಂಗಳದಾಗೆ ಇಡೋದು?” ಅಂತ. ಒಳ್ಳೆ ಪ್ರಶ್ನೆ. ಮರ ಇಲ್ಲದ ಅಂಗಳ ಯಾರದಿದೆ? ನಿಮ್ಮದೇ? ಸರಿ. ಹಾಗಾದರೆ ಸೋಮವಾರ ನಿಮ್ಮ ಪಾಳಿ, ಮಂಗಳವಾರ ಇವರದು. ನೋಟ್‌ಬುಕ್ಕಿನಲ್ಲಿ ಮೂರು ಮನೆ ಗೆರೆ ಹಾಕಿ. ತಾರೀಖು, ಮಿಲಿಮೀಟರ್, ಬರೆದವರ ಸಹಿ. ಮಳೆ ಬರದ ದಿನ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಹೊತ್ತು ಎಂಟೂವರೆ. ಸೊಸೆ ತಿಂಡಿಗೆ ಕರೆದರೂ ಮೊದಲು ಡಬ್ಬಿ ನೋಡಿ ಆಮೇಲೆ ಹೋಗಿ.